ಫ್ಲೂಕ್ ಮೀನಿಗೆ ಯಾವ ಎರೆ: ಬೊಂಡಾಸೋ, ಬಕ್‌ಟೇಲೋ, ಗಲ್ಪೋ?

ಮೇ ತಿಂಗಳು ಬಂತೆಂದರೆ ನನಗೆ ಒಂದೇ ಬಗೆಯ ಫೋನ್ ಕರೆಗಳು ಶುರುವಾಗುತ್ತವೆ. ನ್ಯೂಜೆರ್ಸಿಯಲ್ಲೋ ಲಾಂಗ್ ಐಲ್ಯಾಂಡಿನಲ್ಲೋ ಇರುವ ಕನ್ನಡದ ಗೆಳೆಯರು, ಹೆಚ್ಚಿನವರು ನಮ್ಮ ಕರಾವಳಿಯವರೇ, ಗಾಳದ ಅಂಗಡಿಯಲ್ಲಿ ನಿಂತು ಕೇಳುತ್ತಾರೆ: “ಗೋಡೆ ತುಂಬ ನೇತುಹಾಕಿದ್ದಾರೆ ಮಾರಾಯ್ರೆ, ಯಾವುದು ತಗೊಳ್ಳುವುದು?” ಬಿಳಿ ಕೂದಲಿನದು, ಗುಲಾಬಿ ಬಾಲದ್ದು, ತಗಡಿನ ಎಲೆ ತಿರುಗುವಂಥದ್ದು, ಡಬ್ಬಿಯೊಳಗೆ ರಸದಲ್ಲಿ ಮುಳುಗಿಸಿಟ್ಟದ್ದು. ಒಂದರ ಹೆಸರು ಹೇಳಿ ಫೋನ್ ಇಡಬಹುದು. ಆದರೆ ದೋಣಿಯಿಂದ ಹಿಡಿಯುವವರಿಗೆ ಒಪ್ಪುವ ಉತ್ತರ ದಂಡೆಯ ಮೇಲೆ ನಿಲ್ಲುವವರಿಗೆ ಒಪ್ಪುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರದು ಇನ್ನೂ ಬೇರೆ ಲೆಕ್ಕ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಮೀನಿನ ಗುಣ. ಫ್ಲೂಕ್ ಎಂದು ಇಲ್ಲಿನವರು ಕರೆಯುವುದು ಸಮ್ಮರ್ ಫ್ಲೌಂಡರ್ ಎಂಬ ಚಪ್ಪಟೆ ಮೀನನ್ನು. ನಮ್ಮ ಮಲ್ಪೆ, ಮಂಗಳೂರಿನ ನಂಗು ಮೀನಿನ ದೂರದ ನೆಂಟ ಅನ್ನಬಹುದು. ಎರಡೂ ಒಂದೇ ಮಗ್ಗುಲಲ್ಲಿ ಮಲಗಿ ಬದುಕುವಂಥವು, ಎರಡು ಕಣ್ಣೂ ಮೇಲಿನ ಮಗ್ಗುಲಿಗೇ ಬಂದಿರುತ್ತವೆ. ಹೋಲಿಕೆ ಅಲ್ಲಿಗೆ ಮುಗಿಯಿತು. ನಂಗು ನಾಲಿಗೆಯಂತೆ ತೆಳ್ಳಗೆ, ಬಾಯಿ ಚಿಕ್ಕದು, ಕೆಸರಿನ ಹುಳು ತಿಂದು ಬದುಕುತ್ತದೆ. ಫ್ಲೂಕ್ ಬೇಟೆಗಾರ. ಬಾಯಿ ಅಗಲ, ಹಲ್ಲು ಚೂಪು. ತಳದ ಬಣ್ಣಕ್ಕೆ ತನ್ನ ಬಣ್ಣ ಹೊಂದಿಸಿಕೊಂಡು, ಮೈಮೇಲೆ ಮರಳು ಎಳೆದುಕೊಂಡು, ಕಣ್ಣು ಮಾತ್ರ ಹೊರಗಿಟ್ಟು ಕಾಯುತ್ತದೆ. ಸಣ್ಣ ಮೀನೋ ಬೊಂಡಾಸೋ (ಸ್ಕ್ವಿಡ್) ತಲೆಯ ಮೇಲಿಂದ ಹಾದರೆ ನೆಗೆದು ಹಿಡಿಯುತ್ತದೆ. ಚಳಿಗಾಲವನ್ನು ದೂರದ ಆಳ ನೀರಿನಲ್ಲಿ ಕಳೆದು, ವಸಂತದಲ್ಲಿ ಕೊಲ್ಲಿಗಳಿಗೂ ಅಳಿವೆಗಳಿಗೂ ಬಂದು, ಶರತ್ಕಾಲದಲ್ಲಿ ಮರಳುತ್ತದೆ. 1975ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಮಾಂಟಾಕ್ ಬಳಿ ಸಿಕ್ಕಿದ 22 ಪೌಂಡ್ 7 ಔನ್ಸಿನ ಮೀನು ಗಾಳದಲ್ಲಿ ಹಿಡಿದವುಗಳಲ್ಲಿ ವಿಶ್ವದಾಖಲೆ.

ಎರೆಯ ಆಯ್ಕೆ ಪೂರ್ತಿ ನಿಂತಿರುವುದು ಈ ಗುಣದ ಮೇಲೆ. ತಳದಿಂದ ಒಂದೆರಡು ಅಡಿಯೊಳಗೆ ಹಾದುಹೋಗದ ಎರೆ, ಎಷ್ಟೇ ಚೆಂದದ್ದಾಗಿರಲಿ, ಎಷ್ಟೇ ದುಬಾರಿಯದ್ದಾಗಿರಲಿ, ಫ್ಲೂಕ್ ಪಾಲಿಗೆ ಇಲ್ಲದಂತೆಯೇ.

ಯಾವುದನ್ನು ನೋಡಿ ಆರಿಸಬೇಕು

ನಾನು ಐದು ವಿಷಯ ನೋಡುತ್ತೇನೆ. ಎಲ್ಲಕ್ಕಿಂತ ಮುಖ್ಯವಾದದ್ದು, ಅವತ್ತಿನ ಸೆಳೆತದಲ್ಲಿ ಅದು ತಳ ಮುಟ್ಟಿ ತಳದಲ್ಲೇ ಉಳಿಯುತ್ತದೆಯೇ ಎಂಬುದು. ಇದು ತೂಕದ ಪ್ರಶ್ನೆ. ಎರಡನೆಯದು, ಕೈಗೆ ಎಷ್ಟು ಕೆಲಸ ಕೊಡುತ್ತದೆ: ಕೆಲವು ಎರೆ ತಾವೇ ದುಡಿಯುತ್ತವೆ, ಕೆಲವಕ್ಕೆ ನಿಮ್ಮ ಮಣಿಕಟ್ಟೇ ಜೀವ ಕೊಡಬೇಕು. ಮೂರನೆಯದು ದಿನದ ಖರ್ಚು. ಅಂಗಡಿಯ ಬೆಲೆಗಿಂತ, ತಳದಲ್ಲಿ ಸಿಕ್ಕಿ ಕಡಿದುಹೋಗುವುದರ ಲೆಕ್ಕ ದೊಡ್ಡದು. ನಾಲ್ಕನೆಯದು, ಬೇಡದ ಮೀನುಗಳ ಕಾಟ. ಸೀ ರಾಬಿನ್, ಸ್ಕೇಟ್, ಸಣ್ಣ ಶಾರ್ಕುಗಳು ಎರೆ ತಿಂದು ಹಾಕಿದರೆ ಫ್ಲೂಕ್‌ಗೆ ಏನೂ ಉಳಿಯುವುದಿಲ್ಲ.

ಐದನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ನನಗೆ ಅದು ಮುಖ್ಯ. ಹಿಡಿದ ಫ್ಲೂಕ್‌ಗಳಲ್ಲಿ ಬಹುಪಾಲು ಅಳತೆಗೆ ಬಾರದವು, ಬಿಡಲೇಬೇಕಾದವು. 2024ರಲ್ಲಿ ನ್ಯೂಜೆರ್ಸಿಯ ಹೆಚ್ಚಿನ ನೀರಿನಲ್ಲಿ ನಿಯಮ ಕನಿಷ್ಠ 18 ಇಂಚು, ಒಬ್ಬರಿಗೆ ದಿನಕ್ಕೆ 3 ಮೀನು. 18 ಇಂಚು ಅಂದರೆ ನಮ್ಮ ಒಂದು ಮೊಳ. ಕೈಯಳತೆ ನಂಬಬೇಡಿ, ಅಳತೆಪಟ್ಟಿ ಇಟ್ಟುಕೊಳ್ಳಿ, ಆ ವರ್ಷದ ನಿಯಮವನ್ನು ಹೊರಡುವ ಮುಂಚೆ ನೋಡಿಕೊಳ್ಳಿ, ಅದು ಬದಲಾಗುತ್ತಿರುತ್ತದೆ. ಬಿಡಬೇಕಾದ ಮೀನಿನ ಹೊಟ್ಟೆಯೊಳಗೆ ಗಾಳ ಇಳಿಸುವ ಎರೆಗೂ ತುಟಿಗೆ ಮಾತ್ರ ಚುಚ್ಚುವ ಎರೆಗೂ ಅಜಗಜಾಂತರ.

ಬಣ್ಣ ಈ ಪಟ್ಟಿಯಲ್ಲಿ ಇಲ್ಲವಲ್ಲ ಎಂದು ಕೇಳಬಹುದು. ಬೇಕೆಂದೇ ಬಿಟ್ಟಿದ್ದೇನೆ. ತಿಳಿನೀರಿಗೆ ಬಿಳಿ, ಕದಡಿದ ನೀರಿಗೆ ನಿಂಬೆಹಸಿರು, ಎರಡೂ ನಡೆಯದಿದ್ದಾಗ ಗುಲಾಬಿ. ಅಷ್ಟು ಸಾಕು. ಒಂದೇ ತೂಕದ ಹತ್ತು ಬಣ್ಣ ಕೊಳ್ಳುವ ದುಡ್ಡಿನಲ್ಲಿ ಒಂದೇ ಬಣ್ಣದ ಐದು ತೂಕ ಕೊಂಡರೆ ಮೀನು ಹೆಚ್ಚು ಸಿಗುತ್ತದೆ.

ಇದು ನನಗೆ ಮನದಟ್ಟಾದದ್ದು ಬೆಲ್ಮಾರ್‌ನಿಂದ ಹೊರಟ ಒಂದು ಪಾರ್ಟಿ ಬೋಟಿನಲ್ಲಿ, ಅಂದರೆ ದುಡ್ಡು ಕೊಟ್ಟು ಹತ್ತಾರು ಜನ ಒಟ್ಟಿಗೆ ಮೀನು ಹಿಡಿಯಲು ಹೋಗುವ ದೋಣಿಯಲ್ಲಿ. ಗಾಳಿ ಬಲವಾಗಿತ್ತು, ದೋಣಿ ಜೋರಾಗಿ ಸರಿಯುತ್ತಿತ್ತು. ನನ್ನ ಕೈಯಲ್ಲಿದ್ದದ್ದು 2 ಔನ್ಸಿನ ಗುಲಾಬಿ ಬಕ್‌ಟೇಲ್ (ಸೀಸದ ತಲೆಗೆ ಜಿಂಕೆ ಬಾಲದ ಕೂದಲು ಕಟ್ಟಿದ ಎರೆ), ಹಿಂದಿನ ವಾರ ಕೊಲ್ಲಿಯಲ್ಲಿ ಚೆನ್ನಾಗಿ ನಡೆದದ್ದು. ಪಕ್ಕದಲ್ಲಿ ವಯಸ್ಸಾದವರೊಬ್ಬರು, ಅವರ ದಾರ ನೆಟ್ಟಗೆ ನೀರಿಗೆ ಇಳಿದಿತ್ತು. ನನ್ನದು ದೋಣಿಯಿಂದ ದೂರಕ್ಕೆ ಓರೆಯಾಗಿ ಹೋಗಿ ಗಾಳಿಪಟದ ದಾರದ ಹಾಗೆ ಕಾಣುತ್ತಿತ್ತು. ಎರಡು ಗಂಟೆಯಲ್ಲಿ ಅವರಿಗೆ ಎಂಟು ಮೀನು, ನನಗೆ ಒಂದೂ ಇಲ್ಲ. ಆಮೇಲೆ ಅವರೇ ತಮ್ಮ ಪೆಟ್ಟಿಗೆಯಿಂದ 5 ಔನ್ಸಿನ, ಬಣ್ಣ ಕಿತ್ತುಹೋದ ಬಿಳಿ ಬಕ್‌ಟೇಲ್ ತೆಗೆದುಕೊಟ್ಟರು. ಇಳಿಬಿಟ್ಟಾಗ ಟಕ್ ಎಂದು ತಳ ಮುಟ್ಟಿದ್ದು ಕೈಗೆ ಗೊತ್ತಾಯಿತು. ಅದಕ್ಕೂ ಮುಂಚೆ ಅವತ್ತು ಬೆಳಗಿನಿಂದ ನನಗೆ ತಳವೇ ಸಿಕ್ಕಿರಲಿಲ್ಲ. ಮೂರನೆಯ ಕುಣಿತಕ್ಕೆ ಮೀನು.

ಬೊಂಡಾಸು ಮತ್ತು ಸಣ್ಣ ಮೀನು: ಹಳೆಯ ದಾರಿ

ಪಾರ್ಟಿ ಬೋಟಿನಲ್ಲಿ ಬಾಡಿಗೆಗೆ ರಾಡ್ ತೆಗೆದುಕೊಂಡರೆ ಸಾಮಾನ್ಯವಾಗಿ ಕಟ್ಟಿಕೊಡುವುದು ಇದನ್ನೇ. ಮೂರು ಕಣ್ಣಿನ ಒಂದು ಸ್ವಿವೆಲ್ (ತಿರುಗುವ ಲೋಹದ ಕೊಂಡಿ): ಒಂದು ಕಣ್ಣಿಗೆ ರೀಲಿನ ದಾರ, ಒಂದಕ್ಕೆ ಸೀಸದ ಗುಂಡು, ಮೂರನೆಯದಕ್ಕೆ ಸುಮಾರು ಎರಡು ಮೊಳದ ದಾರ ಮತ್ತು ಅದರ ತುದಿಗೆ ಗಾಳ. ಗುಂಡು ತಳದಲ್ಲಿ ಉಜ್ಜಿಕೊಂಡು ಹೋಗುತ್ತದೆ, ಎರೆ ಹಿಂದಿನಿಂದ ತೇಲುತ್ತ ಬರುತ್ತದೆ. ದೋಣಿ ಸರಿಯುವುದೇ ಎರೆಗೆ ಜೀವ.

ಬೊಂಡಾಸು ಕತ್ತರಿಸುವುದರಲ್ಲಿ ಅರ್ಧ ವಿದ್ಯೆ ಇದೆ, ಅದನ್ನು ಸರಿಯಾಗಿ ಹೇಳಿಬಿಡುತ್ತೇನೆ. ಫ್ರೀಜರಿನಿಂದ ತೆಗೆದ ಬೊಂಡಾಸು ಪೂರ್ತಿ ಕರಗಲಿ. ತಲೆ ಎಳೆದು, ಒಳಗಿನ ಪಾರದರ್ಶಕ ಕಡ್ಡಿ ತೆಗೆದು, ಕೊಳವೆಯನ್ನು ಒಂದು ಮಗ್ಗುಲಿಗೆ ಸೀಳಿ ಹಲಗೆಯ ಮೇಲೆ ಬಾಳೆಎಲೆಯ ಹಾಗೆ ಹಾಸಿ. ಈಗ ಉದ್ದುದ್ದಕ್ಕೆ ತ್ರಿಕೋನದ ಪಟ್ಟಿ ಕೊಯ್ಯಿರಿ: ಮೇಲೆ ಒಂದು ಇಂಚು ಅಗಲ, ಕೆಳಗೆ ಬರುತ್ತ ಬರುತ್ತ ಚೂಪು, ಉದ್ದ ಐದಾರು ಇಂಚು. ಚಾಕು ಹರಿತವಾಗಿರಬೇಕು. ಅಂಚು ಹರಿದು ಜೂಲುಜೂಲಾದರೆ ಪಟ್ಟಿ ನೀರಿನಲ್ಲಿ ತಿರುಚಿಕೊಳ್ಳುತ್ತದೆ. ಅಗಲ ತುದಿಯಿಂದ ಕಾಲು ಇಂಚು ಒಳಗೆ, ಸರಿಯಾಗಿ ನಡುವೆ, ಗಾಳವನ್ನು ಒಂದೇ ಒಂದು ಸಲ ಚುಚ್ಚಿ ಹೊರತೆಗೆಯಿರಿ. ಭದ್ರವಾಗಲಿ ಎಂದು ಎರಡು ಮೂರು ಸಲ ಪೋಣಿಸುವವರಿದ್ದಾರೆ. ಆಗ ಪಟ್ಟಿ ಮುದ್ದೆಯಾಗಿ ಗಿರಗಿರನೆ ಸುತ್ತಿ ಅರ್ಧ ಗಂಟೆಯಲ್ಲಿ ದಾರವನ್ನೇ ಹೊಸೆದುಬಿಡುತ್ತದೆ. ನೀರಿಗೆ ಇಳಿಸುವ ಮುಂಚೆ ದೋಣಿಯ ಪಕ್ಕದಲ್ಲೇ ಒಂದು ಗಳಿಗೆ ಎಳೆದು ನೋಡಿ. ಹಾವಿನ ಹಾಗೆ ಬಳುಕುತ್ತ ಬಂದರೆ ಸರಿ, ಸುತ್ತಿದರೆ ಮತ್ತೆ ಚುಚ್ಚಿ.

ಅದರ ಜೊತೆಗೆ ಸ್ಪಿಯರಿಂಗ್ ಎಂಬ ಬೆಳ್ಳಿಗೆರೆಯ ಸಣ್ಣ ಮೀನನ್ನು ಕಣ್ಣಿನ ಮೂಲಕ ಚುಚ್ಚಿ ಸೇರಿಸುವುದು ವಾಡಿಕೆ. ಕೊಲ್ಲಿಯ ಒಳಗೆ ಜೀವಂತ ಕಿಲ್ಲಿ ಮೀನು ಇನ್ನೂ ಒಳ್ಳೆಯದು; ತುಟಿಗೆ ಚುಚ್ಚಿದರೆ ಬಹಳ ಹೊತ್ತು ಈಜುತ್ತಿರುತ್ತದೆ. ಅದು ಗಟ್ಟಿ ಜೀವ, ಒದ್ದೆ ಪಾಚಿಯಲ್ಲಿ ಇಟ್ಟರೂ ಗಂಟೆಗಟ್ಟಲೆ ಬದುಕುತ್ತದೆ.

ಈ ದಾರಿಯ ದೊಡ್ಡ ಗುಣವೆಂದರೆ ಕೈ ಪಳಗಿರಬೇಕಾಗಿಲ್ಲ. ಎಂಟು ವರ್ಷದ ಮಗುವೂ ಹಿಡಿಯಬಹುದು. ಮಳೆಗಾಳಿಯ ಮರುದಿನ ನೀರು ಕದಡಿದ್ದಾಗ, ಮೇ ತಿಂಗಳ ಮೊದಲ ದಿನಗಳಲ್ಲಿ ನೀರು ಇನ್ನೂ ತಣ್ಣಗಿದ್ದು ಮೀನು ಮಂದವಾಗಿದ್ದಾಗ, ವಾಸನೆಯೇ ದಾರಿ ತೋರಿಸುತ್ತದೆ. ಆಗ ಇದಕ್ಕೆ ಸಾಟಿಯಿಲ್ಲ. ಖರ್ಚೂ ಕಡಿಮೆ, ತಳಕ್ಕೆ ಸಿಕ್ಕಿದರೆ ಹೋಗುವುದು ಒಂದು ಗುಂಡು, ಒಂದು ಗಾಳ.

ತೊಂದರೆಗಳೂ ಇವೆ. ಸೀ ರಾಬಿನ್‌ಗಳಿಗೆ ಬೊಂಡಾಸೆಂದರೆ ಹಬ್ಬದೂಟ. ದೋಣಿ ಸರಿಯದೆ ನಿಂತ ದಿನ ಎರೆ ಸತ್ತ ಹಾಗೆ ಮಲಗಿರುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಸಣ್ಣ ಮೀನುಗಳು ಗಾಳ ನುಂಗಿಬಿಡುವುದು. ಫ್ಲೂಕ್ ಮೊದಲು ಎರೆಯ ಬಾಲ ಕಚ್ಚಿ ಹಿಡಿಯುತ್ತದೆ, ಆಮೇಲೆ ಒಳಗೆಳೆದುಕೊಳ್ಳುತ್ತದೆ. ಅದಕ್ಕೇ ತಟ್ಟಿದ ಕೂಡಲೇ ಎಳೆಯಬಾರದು: ರಾಡಿನ ತುದಿ ತಗ್ಗಿಸಿ, ಎರಡು ಮೂರು ಎಣಿಸಿ, ಭಾರ ಬರುವವರೆಗೆ ರೀಲ್ ಸುತ್ತಿ ನಂತರ ಎತ್ತಬೇಕು. ಆ ಎಣಿಕೆ ಹತ್ತಕ್ಕೆ ಹೋದರೆ ಗಾಳ ಹೊಟ್ಟೆಗೆ ಹೋಗುತ್ತದೆ. ಚಿಕ್ಕ ಗಾಳ ಬಿಟ್ಟು 4/0 ಅಳತೆಯ ಅಗಲ ಬಾಯಿಯ ಗಾಳ ಹಾಕಿದರೆ ಈ ಪಾಪ ಬಹಳ ಕಡಿಮೆಯಾಗುತ್ತದೆ. ನುಂಗಿಯೇಬಿಟ್ಟಿದ್ದರೆ ಕೀಳಲು ಹೋಗಬೇಡಿ, ದಾರ ಕತ್ತರಿಸಿ ಮೀನನ್ನು ನೀರಿಗೆ ಬಿಡಿ.

ಬಕ್‌ಟೇಲ್: ಕೈ ದುಡಿದಷ್ಟು ಮೀನು

ಸೀಸದ ತಲೆ, ಅದರ ಕುತ್ತಿಗೆಗೆ ಕಟ್ಟಿದ ಜಿಂಕೆ ಬಾಲದ ಕೂದಲು, ಮೇಲ್ಮುಖವಾಗಿ ನಿಲ್ಲುವ ಗಾಳ. ಅಷ್ಟೇ. ಈ ಸರಳ ಸಾಧನವನ್ನು ನೀರಿನಲ್ಲಿ ನೋಡಿದರೆ ಯಾಕೆ ಇಷ್ಟು ಕಾಲ ಉಳಿದಿದೆ ಎಂದು ಗೊತ್ತಾಗುತ್ತದೆ. ಎತ್ತಿದಾಗ ಕೂದಲು ಮೈಗೆ ಅಂಟಿ ಸಣ್ಣಗಾಗುತ್ತದೆ, ಇಳಿಯುವಾಗ ಅರಳುತ್ತದೆ, ಉಸಿರಾಡುವ ಪ್ರಾಣಿಯ ಹಾಗೆ.

ಕುಣಿಸುವ ರೀತಿ ಮುಖ್ಯ. ತೋಳಿನಿಂದ ಎರಡಡಿ ಎತ್ತಿ ಬಿಡುವುದಲ್ಲ, ಮಣಿಕಟ್ಟಿನಿಂದ ತಾಳ ತಟ್ಟುವಂತೆ ಸಣ್ಣ ಸಣ್ಣ ಪೆಟ್ಟು. ತಲೆ ತಳದಿಂದ ನಾಲ್ಕಾರು ಇಂಚು ಎದ್ದು ಮತ್ತೆ ತಳ ಮುಟ್ಟಬೇಕು. ಪ್ರತಿ ಸಲ ಆ ಟಕ್ ಕೈಗೆ ಬರಬೇಕು. ಯಾವ ಸಲ ಟಕ್ ಬರಲಿಲ್ಲವೋ, ಬರಬೇಕಾದ ಹೊತ್ತಿಗೆ ತಳ ಸಿಗಲಿಲ್ಲವೋ, ಆಗಲೇ ಎಳೆಯಿರಿ. ಇಳಿಯುವ ದಾರಿಯಲ್ಲೇ ಮೀನು ಬಾಯಿ ಹಾಕಿರುತ್ತದೆ. ಕೆಲವು ಸಲ ಒದ್ದೆ ಚಿಂದಿ ಸಿಕ್ಕಿಕೊಂಡಂತೆ ಬರೀ ಭಾರ. ಅದೂ ಮೀನೇ. ಇಲ್ಲಿ ಎಣಿಸುತ್ತ ಕೂರುವ ಹಾಗಿಲ್ಲ, ಸೀಸ ಬಾಯಿಗೆ ತಾಗಿದ ಕೂಡಲೇ ಉಗುಳುತ್ತದೆ. ತಕ್ಷಣ ಎಳೆಯುವುದರಿಂದಲೇ ಗಾಳ ಹೆಚ್ಚಾಗಿ ತುಟಿಗೋ ಬಾಯಿಯ ಅಂಚಿಗೋ ನಿಲ್ಲುತ್ತದೆ. ಬಿಡಬೇಕಾದ ಮೀನನ್ನು ಆರೋಗ್ಯವಾಗಿ ಬಿಡಬಹುದು. ನಾನು ಬಕ್‌ಟೇಲ್ ಕಡೆಗೆ ವಾಲಿದ್ದಕ್ಕೆ ಅರ್ಧ ಕಾರಣ ಇದು.

ತೂಕದ ವಿಷಯ. ಬಾರ್ನಿಗಟ್ ಕೊಲ್ಲಿಯಂಥ ಹತ್ತು ಹದಿನೈದು ಅಡಿಯ ನೀರಿಗೆ ಅರ್ಧದಿಂದ ಒಂದು ಔನ್ಸ್. ಅಳಿವೆಯ ಸೆಳೆತಕ್ಕೆ 2ರಿಂದ 3. ಸಮುದ್ರದ ಒಳಗೆ ಅರವತ್ತು ಎಪ್ಪತ್ತು ಅಡಿಯ ಬಂಡೆ, ಕೃತಕ ರೀಫ್‌ಗಳ ಮೇಲೆ 3ರಿಂದ 6, ಗಾಳಿಯ ದಿನ 8. ಇವೆಲ್ಲ ಅಂದಾಜು. ದಾರ ನೀರಿಗೆ ಇಳಿಯುವ ಕೋನವೇ ನಿಜವಾದ ಮಾಪಕ. ನೆಟ್ಟಗೆ ಇರುವುದಕ್ಕಿಂತ ಹೆಚ್ಚೆಂದರೆ ಸ್ವಲ್ಪ ಓರೆ. ಅದಕ್ಕಿಂತ ಮಲಗಿದರೆ ಒಂದು ಔನ್ಸ್ ಏರಿಸಿ. ತಳದಲ್ಲಿ ಕಲ್ಲಿನ ಹಾಗೆ ಕೂತರೆ ಇಳಿಸಿ. ತಳ ಮುಟ್ಟುವುದರಲ್ಲಿ ಅತಿ ಹಗುರವಾದದ್ದೇ ಅತಿ ಚೆನ್ನಾಗಿ ಕುಣಿಯುತ್ತದೆ.

ದೋಣಿ ನಿಂತ ದಿನ ಬಕ್‌ಟೇಲ್ ಗೆಲ್ಲುತ್ತದೆ, ಕುಣಿತ ನಿಮ್ಮ ಕೈಯಲ್ಲಿದೆಯಲ್ಲ. ಸೋಲುವುದು ಎರಡು ಕಡೆ. ಒಂದು, ಆರು ಗಂಟೆ ಕುಣಿಸಿದ ಮೇಲೆ ಮಣಿಕಟ್ಟು ನೋಯುತ್ತದೆ. ಹೊಸಬರು ಮೂರನೆಯ ಗಂಟೆಗೇ ಸುಮ್ಮನೆ ಹಿಡಿದು ನಿಂತಿರುತ್ತಾರೆ, ಆಗ ಅದು ಬರೀ ಸೀಸ. ಎರಡು, ರೀಫಿನ ಮೇಲಿನ ನಷ್ಟ. ಗಾಳ ಮೇಲ್ಮುಖವಾಗಿರುವುದರಿಂದ ಸಿಕ್ಕಿಕೊಳ್ಳುವುದು ಸ್ವಲ್ಪ ಕಡಿಮೆ ನಿಜ. ಆದರೂ ನಾಲ್ಕೈದು ಡಾಲರಿನದು ದಿನಕ್ಕೆ ಐದಾರು ಹೋದರೆ ಪಾಕೀಟಿಗೆ ತಟ್ಟುತ್ತದೆ.

ಗಲ್ಪ್: ರಸದಲ್ಲಿ ನೆನೆದ ಬಾಲ

ಬರ್ಕ್ಲಿ ಕಂಪನಿಯ ಗಲ್ಪ್ ಈಗ ಫ್ಲೂಕ್ ಹಿಡಿಯುವವರ ಮನೆಮಾತು. ನೋಡಲು ಪ್ಲಾಸ್ಟಿಕ್ ಬಾಲ, ಆದರೆ ಅದರಲ್ಲಿ ತುಂಬಿರುವ ವಾಸನೆಯ ರಸ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತದೆ. ಫ್ಲೂಕ್‌ಗೆ ಹೆಚ್ಚು ನಡೆಯುವುದು 4 ಇಂಚಿನ ಸ್ವಿಮ್ಮಿಂಗ್ ಮಲೆಟ್ ಮತ್ತು 5 ಇಂಚಿನ ಗ್ರಬ್ ಎಂಬ ಆಕಾರದ ಬಾಲಗಳು, ಬಣ್ಣ ಬಿಳಿ ಅಥವಾ ನಿಂಬೆಹಸಿರು. ಬರೀ ಸೀಸದ ತಲೆಗೆ ಹಾಕಬಹುದು, ಬಕ್‌ಟೇಲ್ ಗಾಳಕ್ಕೂ ಪೋಣಿಸಬಹುದು. ಬೊಂಡಾಸಿನ ವಾಸನೆ, ಬಕ್‌ಟೇಲಿನ ಕುಣಿತ ಎರಡನ್ನೂ ಅರ್ಧರ್ಧ ಕೊಡುವಂಥದ್ದು ಇದು.

ಪೋಣಿಸುವಾಗ ಅವಸರ ಬೇಡ. ಗಾಳದ ಪಕ್ಕದಲ್ಲಿ ಬಾಲವನ್ನು ಹಿಡಿದು ಗಾಳದ ಮೊನೆ ಎಲ್ಲಿ ಹೊರಬರಬೇಕೆಂದು ಉಗುರಿನಿಂದ ಗುರುತು ಮಾಡಿ, ತಲೆಯ ನಡುಮಧ್ಯದಿಂದ ಚುಚ್ಚಿ ಆ ಗುರುತಿಗೇ ತನ್ನಿ. ಬಾಲ ಬೆನ್ನೆಲುಬಿನ ಹಾಗೆ ನೇರ ಇರಬೇಕು. ಸ್ವಲ್ಪ ಡೊಂಕಾದರೂ ಪಂಖದಂತೆ ತಿರುಗುತ್ತದೆ, ಮೀನು ಹತ್ತಿರ ಸುಳಿಯುವುದಿಲ್ಲ.

ಇದರ ಬೆಲೆ ಹೆಚ್ಚು, ಸಣ್ಣ ಪೊಟ್ಟಣಕ್ಕೇ ಎಂಟೊಂಬತ್ತು ಡಾಲರ್ ಆಗುತ್ತದೆ. ಬ್ಲೂಫಿಶ್ ಬಂದ ದಿನ ಬಾಲಗಳನ್ನು ಕತ್ತರಿಯಿಂದ ಕತ್ತರಿಸಿದಂತೆ ಕಡಿದುಕೊಂಡು ಹೋಗುತ್ತವೆ, ಒಂದು ಪೊಟ್ಟಣ ಅರ್ಧ ಗಂಟೆಗೆ ಖಾಲಿ. ಅಂಥ ದಿನ ವಾಸನೆಯಿಲ್ಲದ ಸಾದಾ ಪ್ಲಾಸ್ಟಿಕ್ ಬಾಲಕ್ಕೆ ಬದಲಾಯಿಸಿ, ಅಗ್ಗ, ಗಟ್ಟಿ. ಇನ್ನೊಂದು ಎಚ್ಚರಿಕೆ: ಮನೆಗೆ ಬಂದ ಮೇಲೆ ಗಲ್ಪನ್ನು ಗಾಳದಲ್ಲೇ ಬಿಡಬೇಡಿ. ಒಣಗಿದರೆ ಕುಗ್ಗಿ ಕಲ್ಲಾಗುತ್ತದೆ, ಚಾಕು ಹಾಕಿ ಕೆತ್ತಬೇಕು. ಮಿಕ್ಕದ್ದನ್ನು ಅದರ ರಸದಲ್ಲೇ ಮುಳುಗಿಸಿ, ತಿರುಪು ಮುಚ್ಚಳದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಡಿ. ಆ ರಸ ಕಾರಿನ ಕಾರ್ಪೆಟ್ಟಿಗೆ ಚೆಲ್ಲಿದರೆ ಬೇಸಿಗೆಯಿಡೀ ಹೋಗುವುದಿಲ್ಲ.

ಒಂದು ಅನುಕೂಲವನ್ನು ನಮ್ಮ ಮನೆಗಳಿಗಾಗಿ ಹೇಳಬೇಕು. ಅಡುಗೆಮನೆಯ ಫ್ರಿಜ್ಜಿನಲ್ಲಿ ಬೊಂಡಾಸು ಇಡುವುದನ್ನು ಒಪ್ಪದ ಮನೆಯವರು, ಅತ್ತೆ-ಮಾವ ಇರಬಹುದು. ಅವರ ಮನಸ್ಸು ನೋಯಿಸುವ ಅಗತ್ಯ ಇಲ್ಲ. ಗಲ್ಪ್ ಫ್ರಿಜ್ಜಿಗೆ ಹೋಗಬೇಕಾದ್ದೇ ಇಲ್ಲ, ಗ್ಯಾರೇಜಿನ ಕಪಾಟಿನಲ್ಲಿ ಇರುತ್ತದೆ.

ತಗಡಿನ ಎಲೆ, ಮಣಿ, ಪ್ಲಾಸ್ಟಿಕ್ ಬೊಂಡಾಸಿನ ಲಂಗ ಸೇರಿಸಿ ಕಟ್ಟಿದ ಹೊಳೆಯುವ ಸೆಟ್ಟುಗಳೂ ಸಿಗುತ್ತವೆ. ದೋಣಿ ಜೋರಾಗಿ ಸರಿಯುವಾಗ ಮಾತ್ರ ಆ ಎಲೆ ತಿರುಗುತ್ತದೆ, ನಿಧಾನದ ದಿನ ನೇತಾಡುತ್ತದೆ. ಮೊದಲ ವರ್ಷ ಇವುಗಳಿಗೆ ದುಡ್ಡು ಹಾಕಬೇಡಿ.

ಎರಡನ್ನೂ ಸೇರಿಸುವುದು

ನಾನು ಹೆಚ್ಚಾಗಿ ಕಟ್ಟುವುದು ಕೆಳಗೆ ಬಕ್‌ಟೇಲ್, ಅದರಿಂದ ಮೊಳಕ್ಕಿಂತ ತುಸು ಕಡಿಮೆ ಎತ್ತರದಲ್ಲಿ ಟೀಸರ್ ಎನ್ನುವ ಇನ್ನೊಂದು ಗಾಳ, ಎರಡಕ್ಕೂ ಗಲ್ಪ್. ಒಂದು ಸಣ್ಣ ಮೀನನ್ನು ಇನ್ನೊಂದು ಅಟ್ಟಿಸಿಕೊಂಡು ಹೋಗುವಂತೆ ಕಾಣುತ್ತದೆ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ಮೀನು ಮೇಲಿನದನ್ನೇ ಹಿಡಿಯುತ್ತವೆ.

ಕಟ್ಟುವ ಕ್ರಮ ಇದು. 30 ಪೌಂಡ್ ಭಾರ ತಾಳುವ ಫ್ಲೋರೋಕಾರ್ಬನ್ ದಾರ ಎರಡು ಮೊಳಕ್ಕಿಂತ ಸ್ವಲ್ಪ ಹೆಚ್ಚು ತೆಗೆದುಕೊಳ್ಳಿ. ನಡುವೆ ಒಂದು ದೊಡ್ಡ ಕುಣಿಕೆ ಮಾಡಿ, ಎರಡು ಎಳೆ ಸೇರುವಲ್ಲಿ ಐದಾರು ಸುತ್ತು ಹೊಸೆಯಿರಿ. ಸುತ್ತುಗಳ ನಡುವಿನ ಸಂದನ್ನು ಬೆರಳಿನಿಂದ ಅಗಲಿಸಿ ಕುಣಿಕೆಯ ತಲೆಯನ್ನು ಅದರೊಳಗೆ ತೂರಿಸಿ. ಕುಣಿಕೆಯನ್ನು ಹಲ್ಲಿನಿಂದ ಹಿಡಿದು, ಗಂಟಿಗೆ ಉಗುಳು ಹಚ್ಚಿ, ಎರಡು ತುದಿಗಳನ್ನೂ ಎರಡು ಕಡೆಗೆ ನಿಧಾನ ಎಳೆಯಿರಿ. ಉಗುಳು ಹಚ್ಚದೆ ರಪ್ಪನೆ ಎಳೆದರೆ ದಾರ ಉಜ್ಜಿ ಕಾದು ಬಲ ಕಳೆದುಕೊಳ್ಳುತ್ತದೆ. ದೊಡ್ಡ ಮೀನು ಬಂದಾಗ ಕಡಿಯುವುದು ಅಲ್ಲೇ. ಕುಣಿಕೆ ಮೂರು ನಾಲ್ಕು ಇಂಚು ಮಾತ್ರ ಇರಲಿ. ಉದ್ದವಾದರೆ ಟೀಸರ್ ಮುಖ್ಯ ದಾರಕ್ಕೆ ಸುತ್ತಿಕೊಳ್ಳುತ್ತದೆ. ಅದಕ್ಕೆ 4/0 ಅಥವಾ 5/0 ಗಾಳ. ದಾರದ ಒಂದು ತುದಿಗೆ ಬಕ್‌ಟೇಲ್, ಇನ್ನೊಂದಕ್ಕೆ ರೀಲಿನ ದಾರ. ರೀಲಿನಲ್ಲಿ 15ರಿಂದ 20 ಪೌಂಡಿನ ಹೆಣೆದ ದಾರವೇ ಇರಲಿ. ತೆಳ್ಳಗಿರುವುದರಿಂದ ಸೆಳೆತಕ್ಕೆ ಕಡಿಮೆ ಸಿಕ್ಕುತ್ತದೆ, ಹಿಗ್ಗದ್ದರಿಂದ ತಳದ ಟಕ್ ಕೈಗೆ ಮುಟ್ಟುತ್ತದೆ. ನೈಲಾನ್ ದಾರದಲ್ಲಿ ಬಕ್‌ಟೇಲ್ ಕುಣಿಸುವುದು ಕೈಗವಸು ಹಾಕಿಕೊಂಡು ನಾಡಿ ನೋಡಿದಂತೆ.

ರೀಫಿನ ಮೇಲೆ ಹೋಗುವವರಿಗೆ ಒಂದು ಬದಲಾವಣೆ. ಕೆಳಗೆ ಬಕ್‌ಟೇಲ್ ಬದಲು ಸಾದಾ ಸೀಸದ ಗುಂಡು ಹಾಕಿ, ಅದನ್ನು 12 ಪೌಂಡಿನ ತೆಳು ದಾರದಿಂದ ಕಟ್ಟಿ. ಬಂಡೆಗೆ ಸಿಕ್ಕಿದರೆ ತೆಳು ದಾರ ಕಡಿದು ಗುಂಡು ಮಾತ್ರ ಹೋಗುತ್ತದೆ, ಗಾಳಗಳು ವಾಪಸು ಬರುತ್ತವೆ. ಒಂದೂವರೆ ಡಾಲರಿನಲ್ಲಿ ನಷ್ಟ ಮುಗಿಯಿತು.

ಎರಡು ಗಾಳದ ಅಪಾಯವನ್ನೂ ಹೇಳಬೇಕು. ಒಂದರಲ್ಲಿ ಮೀನು ಒದ್ದಾಡುತ್ತಿರುವಾಗ ಇನ್ನೊಂದು ಖಾಲಿ ಗಾಳ ಗಾಳಿಯಲ್ಲಿ ತೂಗುತ್ತಿರುತ್ತದೆ. ಬಲೆಗೂ ಸಿಕ್ಕುತ್ತದೆ, ಕೈಗೂ ಸಿಕ್ಕುತ್ತದೆ. ಮಕ್ಕಳು ಪಕ್ಕದಲ್ಲಿದ್ದರೆ ನಾನು ಟೀಸರ್ ಕಟ್ಟುವುದೇ ಇಲ್ಲ.

ನಿಮಗೆ ಯಾವುದು

ಮೊದಲ ಸಲ, ಪಾರ್ಟಿ ಬೋಟಿನಲ್ಲಿ, ಸಂಸಾರ ಸಮೇತ ಹೋಗುವವರು ಏನನ್ನೂ ಕೊಳ್ಳಬೇಡಿ. ಅಟ್ಲಾಂಟಿಕ್ ಹೈಲ್ಯಾಂಡ್ಸ್, ಬೆಲ್ಮಾರ್, ಪಾಯಿಂಟ್ ಪ್ಲೆಸೆಂಟ್‌ನಿಂದ ಹೊರಡುವ ಬೋಟುಗಳಲ್ಲಿ ರಾಡ್ ಬಾಡಿಗೆಗೆ ಸಿಗುತ್ತದೆ, ಬೊಂಡಾಸು, ಸ್ಪಿಯರಿಂಗ್ ಅವರೇ ಕೊಡುತ್ತಾರೆ. ನಿಮ್ಮ ಕಡೆಯಿಂದ ಒಂದು ಹರಿತವಾದ ಚಾಕು, ನಾಲ್ಕು 4/0 ಗಾಳ ಸಾಕು. ಎರೆಯ ಪಟ್ಟಿಯನ್ನು ಮೇಲೆ ಹೇಳಿದಂತೆ ನೀವೇ ಕೊಯ್ದುಕೊಳ್ಳಿ, ಅಷ್ಟರಿಂದಲೇ ಪಕ್ಕದವರಿಗಿಂತ ಮುಂದಿರುತ್ತೀರಿ.

ವಾರಕ್ಕೊಮ್ಮೆ ಹೋಗುವ ಮನಸ್ಸಿದ್ದು ಮೂವತ್ತು ನಲವತ್ತು ಡಾಲರಿನಲ್ಲಿ ಶುರುಮಾಡುವವರಿಗೆ: ಬಿಳಿ ಬಕ್‌ಟೇಲ್ 1, 2, 3, 4 ಔನ್ಸಿನವು ಒಂದೊಂದು, ಬಿಳಿ ಸ್ವಿಮ್ಮಿಂಗ್ ಮಲೆಟ್ ಒಂದು ಪೊಟ್ಟಣ, 5/0 ಗಾಳದ ಒಂದು ಪೊಟ್ಟಣ. ಎರಡನೆಯ ಬಣ್ಣ ಎರಡನೆಯ ತಿಂಗಳಿಗಿರಲಿ. ಸ್ವಂತ ದೋಣಿಯೋ ಕಯಾಕೋ ಇದ್ದರೆ ಸರಿಯುವ ವೇಗ ಗಂಟೆಗೆ ಸುಮಾರು ಒಂದು ನಾಟಿಕಲ್ ಮೈಲಿ ಇರುವಂತೆ ನೋಡಿಕೊಳ್ಳಿ. ಹೆಚ್ಚಾದರೆ ನೀರಿನಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ ಡ್ರಿಫ್ಟ್ ಸಾಕ್ ಕಟ್ಟಿ; ಹತ್ತು ಬಗೆಯ ಎರೆಗಿಂತ ಅದು ಹೆಚ್ಚು ಮೀನು ಕೊಡುತ್ತದೆ.

ಮಣಿಕಟ್ಟು ನೋವಿರುವವರು, ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗುವವರು ಬೊಂಡಾಸನ್ನೇ ಹಿಡಿಯಿರಿ, ಅದರಲ್ಲಿ ಕಡಿಮೆಯೇನಿಲ್ಲ. ಊರಿನಿಂದ ಬಂದ ನನ್ನ ಮಾವನವರು ಗಂಗೊಳ್ಳಿಯ ಅಳಿವೆಯಲ್ಲಿ ಕೈದಾರ ಬಿಟ್ಟು ಬೆಳೆದವರು. ರಾಡನ್ನು ಪಕ್ಕಕ್ಕಿಟ್ಟು ದಾರವನ್ನು ತೋರುಬೆರಳ ಮೇಲೆ ಎಳೆದುಕೊಂಡು ಕೂತರು, ಬಕ್‌ಟೇಲ್ ಕುಣಿಸುತ್ತಿದ್ದ ನಮ್ಮೆಲ್ಲರಿಗಿಂತ ಮುಂಚೆ ಮೀನು ತಟ್ಟಿದ್ದು ಅವರಿಗೆ.

ದಂಡೆಯಿಂದ ಹಿಡಿಯುವವರಿಗೆ ಮುಕ್ಕಾಲು ಅಥವಾ ಒಂದು ಔನ್ಸಿನ ಬಕ್‌ಟೇಲ್, ಬಿಳಿ ಗಲ್ಪ್, ಬೇಕಿದ್ದರೆ ಟೀಸರ್. ಇಲ್ಲಿ ಬೊಂಡಾಸು ಕಟ್ಟಿ ನಿಲ್ಲಿಸುವುದಕ್ಕಿಂತ ಎಸೆದು ತಳದ ಮೇಲೆ ತಟ್ಟುತ್ತ ಎಳೆಯುವುದೇ ಒಳ್ಳೆಯದು. ನೀವು ನಿಂತಿದ್ದೀರಿ, ಮೀನೂ ಮಲಗಿದೆ, ಚಲಿಸಬೇಕಾದದ್ದು ಎರೆ. ಹತ್ತು ಸಲ ಎಸೆದು ಏನೂ ಸಿಗದಿದ್ದರೆ ಇಪ್ಪತ್ತು ಹೆಜ್ಜೆ ನಡೆಯಿರಿ. ಐಲ್ಯಾಂಡ್ ಬೀಚ್ ಸ್ಟೇಟ್ ಪಾರ್ಕಿನ ದಂಡೆಗೆ 2024ರಲ್ಲಿ ಬೇರೆಯೇ ನಿಯಮವಿತ್ತು, 16 ಇಂಚು, 2 ಮೀನು. ನ್ಯೂಜೆರ್ಸಿಯಲ್ಲಿ ಉಪ್ಪುನೀರಿಗೆ ಲೈಸೆನ್ಸ್ ದುಡ್ಡಿಲ್ಲ, ಆದರೆ ದಂಡೆಯಿಂದ ಹಿಡಿಯುವವರು ರಾಜ್ಯದ ಉಚಿತ ನೋಂದಣಿಯನ್ನು ಮಾಡಿಸಿಕೊಂಡಿರಬೇಕು.

ದಂಡೆಯಲ್ಲಿ ಎಲ್ಲರೂ ಮಾಡುವ ತಪ್ಪು ದೂರಕ್ಕೆ ಎಸೆಯುವುದು. ಅಲೆ ಒಡೆಯುವ ಮರಳದಿಬ್ಬಕ್ಕೂ ದಂಡೆಗೂ ನಡುವೆ ಒಂದು ಕಾಲುವೆ ಇರುತ್ತದೆ, ನೀರು ಅಲ್ಲಿ ಸ್ವಲ್ಪ ಗಾಢ ಬಣ್ಣಕ್ಕೆ ಕಾಣುತ್ತದೆ. ಫ್ಲೂಕ್ ಮಲಗುವುದು ಅಲ್ಲಿ, ಕೆಲವು ಸಲ ನಿಮ್ಮ ಕಾಲಿನಿಂದ ಹದಿನೈದು ಅಡಿ ದೂರದಲ್ಲಿ. ಎರೆ ಮೊಣಕಾಲು ಮಟ್ಟದ ನೀರಿಗೆ ಬಂತೆಂದು ಬೇಗ ಬೇಗ ಸುತ್ತಬೇಡಿ. ಕೊನೆಯ ಅಲೆಯವರೆಗೂ ತಳಕ್ಕೆ ತಟ್ಟಿಸುತ್ತ ತನ್ನಿ, ನೀರಿನಿಂದ ಎತ್ತುವ ಮುಂಚೆ ಒಂದು ಉಸಿರು ಹೊತ್ತು ಅಲ್ಲೇ ನಿಲ್ಲಿಸಿ. ಹಿಂದೆಯೇ ಬಂದ ಮೀನು ಬಾಯಿ ಹಾಕುವುದು ಆಗ.